ಹೆಸರಿಲ್ಲದ್ದು

ಟಕ್. ಆಮೇಲೆ ಉಸಿರು ಹಿಡಿದಂಥ ಮೌನ. ಮತ್ತೆ ಟಕ್.
ಡಿಸ್ಕು ಸಾಯುವ ಮುಂಚೆ ಹೀಗೇ
ಬಾಗಿಲು ತಟ್ಟುತ್ತದೆ, ಒಳಗಿನಿಂದ.

ಉಲಿಯಾಸ್ತಾಯ್ ಹವಾಮಾನ ಕಚೇರಿ. ರಾತ್ರಿ ಹನ್ನೊಂದು.
ಹೊರಗೆ ಮೈನಸ್ ಮೂವತ್ತೆಂಟು;
ಒಲೆಯಲ್ಲಿ ಕಲ್ಲಿದ್ದಲು, ಕೆಟಲಿನಲ್ಲಿ ಉಪ್ಪು ಹಾಕಿದ ಚಹಾ,
ಯಂತ್ರದ ಮೈಗೆ ನಾನೇ ಹೊದಿಸಿದ ಕುರಿಯುಣ್ಣೆಯ ಕಂಬಳಿ.
ಕೈಪಿಡಿಯಲ್ಲಿ ಕಂಬಳಿಯ ಅಧ್ಯಾಯವಿಲ್ಲ.

ಮೊದಲು ಲಾಗು ಓದು, ಅನ್ನುತ್ತಿದ್ದರು ದಾಶ್‌ಜೆವೆಗ್.
ಕುದುರೆ ಕುಂಟಿದರೆ ಗೊರಸನ್ನೇ ನೋಡುತ್ತ ಕೂರಬೇಡ,
ಅದು ನಡೆದು ಬಂದ ದಾರಿ ನೋಡು.
ಓದಿದೆ. ಸೆಕ್ಟರು ಓದಲಾಗಲಿಲ್ಲ, ಸೆಕ್ಟರು ಓದಲಾಗಲಿಲ್ಲ,
ಮೂರು ವಾರದಿಂದ ಹೇಳುತ್ತಲೇ ಇತ್ತು.
ಕಿವಿಗೊಟ್ಟವರಿಲ್ಲ, ನಾನೂ ಸೇರಿ.

ರೂಟ್ ಪಾಸ್‌ವರ್ಡು ಇದ್ದದ್ದು ಅವರ ತಲೆಯೊಳಗೆ.
ಆ ತಲೆ ಹೋದ ಶರತ್ತಿನಲ್ಲಿ ಬೆಟ್ಟದ ಮಣ್ಣಾಯಿತು.
ರಾಜಧಾನಿಯವರು ಫೈರ್‌ವಾಲ್ ಕಟ್ಟಿದ್ದಾರೆ,
ಹದಿನಾರು ಅಕ್ಷರ ಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು.
ನಾನು ಸ್ವಿಚ್ಚು ಒತ್ತಿ, ಬೂಟ್ ಸಾಲಿಗೆ ಒಂದು ಪದ ಸೇರಿಸಿ
ಒಂಟಿ ಬಳಕೆದಾರಳಾಗಿ ಒಳಹೊಕ್ಕೆ.
ಕೋಟೆಬಾಗಿಲಿಗೆ ಏಳು ಬೀಗ, ಹಿತ್ತಿಲಿಗೆ ಅಗುಳಿಯೂ ಇಲ್ಲ.
ಕೀಲಿಮಣೆ ಯಾರ ಮೊಣಕಾಲ ಮೇಲೋ ರಾಜ್ಯ ಅವರದು.

ಹೊಸ ಕರ್ನಲ್ಲಿಗೆ ನೆಟ್‌ವರ್ಕ್ ಕಾರ್ಡಿನ ಗುರುತೇ ಇಲ್ಲ.
ಡ್ರೈವರ್ ಬೇಕು; ಡ್ರೈವರ್ ಇರುವುದು ನೆಟ್‌ವರ್ಕಿನ ಆಚೆ.
ಹುಚ್ಚು ಬಿಡದ ಹೊರತು ಮದುವೆಯಿಲ್ಲ,
ಮದುವೆಯಾಗದ ಹೊರತು ಹುಚ್ಚು ಬಿಡದು.
ಅದಿರಲಿ, ಬೆಳಗಾಗಲಿ. ಮೊದಲು ಡಿಸ್ಕು.

ಸಾಯುತ್ತಿರುವುದನ್ನು ರಿಪೇರಿ ಮಾಡಬಾರದು,
ನಕಲು ಮಾಡಿಕೊಳ್ಳಬೇಕು.
ಮಗಳ ಡ್ರೈವಿನಿಂದ ಅವಳ ಕೊರಿಯಾ ಧಾರಾವಾಹಿಗಳನ್ನೆಲ್ಲ ಅಳಿಸಿ
(ನಾಳೆ ಇದೆ ನನಗೆ)
ಓದಲು ಬಂದದ್ದನ್ನು ಓದಿ, ಬಾರದ್ದನ್ನು ಹಾರಿ,
ಹಿಂದಿನಿಂದ ತಿರುಗಿ ಬಂದು, ಇನ್ನೊಮ್ಮೆ ಮೆಲ್ಲಗೆ ಕೇಳಿ
ನಾಲ್ಕು ಗಂಟೆ.

ಆಮೇಲೆ ನಕಲಿನ ತಪಾಸಣೆ.
ಕೊಂಡಿ ತಪ್ಪಿದೆ, ಸರಿಮಾಡಲೇ? ವೈ.
ಲೆಕ್ಕ ಕೂಡುತ್ತಿಲ್ಲ, ಸರಿಮಾಡಲೇ? ವೈ.
ಇದರ ತಾಯಿ ಡೈರೆಕ್ಟರಿ ಸಿಗುತ್ತಿಲ್ಲ, ಬೇರೆ ಮನೆಗೆ ಸೇರಿಸಲೇ?
ಬೆರಳು ಅರೆಕ್ಷಣ ನಿಂತಿತು.

ಕಳೆದು ಸಿಕ್ಕಿದ್ದಕ್ಕೆಂದೇ ಒಂದು ಕೋಣೆಯಿದೆ ಅಲ್ಲಿ.
ಇನ್ನೂರ ಹದಿನಾಲ್ಕು ಕಡತ. ಹೆಸರಿಲ್ಲ, ಬರೀ ನಂಬರು.

ನನ್ನ ಹೆಸರು ನೆರ್ಗುಯಿ. ಅಂದರೆ, ಹೆಸರಿಲ್ಲ.
ನನಗಿಂತ ಮುಂಚೆ ಹುಟ್ಟಿದ ಇಬ್ಬರು ಉಳಿಯಲಿಲ್ಲ;
ಪೀಡೆ ಹುಡುಕಿಕೊಂಡು ಬಂದು ಒಳಗೆ ಯಾರು ಅಂದರೆ
ಯಾರೂ ಇಲ್ಲ ಅಂತಾಗಲಿ ಎಂದು ಅಮ್ಮ ಇಟ್ಟಳು.
ಐವತ್ತಾರು ವರ್ಷ ಕಾದಿದೆ ಆ ಭದ್ರತೆ,
ಒಂದು ಅಪ್‌ಡೇಟೂ ಇಲ್ಲದೆ.

ಒಂದೊಂದಾಗಿ ತೆರೆದೆ. ಗಾಳಿ. ಒತ್ತಡ. ಹಿಮದ ಆಳ.
ಅಂಕಿ ನೋಡಿಯೇ ವರ್ಷ ಹೇಳಬಲ್ಲೆ,
ಕತ್ತಲಲ್ಲಿ ಕೂಸನ್ನು ಅಳುವಿನಿಂದ ಗುರುತಿಸಿದ ಹಾಗೆ.
೧೩೧೮೪೨ ಮಾತ್ರ ಹವಾಮಾನದ್ದಲ್ಲ.
ಒಡೆಯ ದಾಶ್‌ಜೆವೆಗ್; ಓದುವ ಹಕ್ಕು ಅವರೊಬ್ಬರಿಗೇ.
ರೂಟ್ ಆದವಳನ್ನು ಕೇಳುವವರಾರು?

ಆ ಝುಡ್ ಚಳಿಗಾಲ, ಹಿಮ ಕಲ್ಲಾಗಿ ಮೇವು ಮುಚ್ಚಿದ ವರ್ಷ.
ಗುಡಾರ ಗುಡಾರಕ್ಕೂ ಹೋಗಿ ಎಣಿಸಿದ್ದಾರೆ.
ಗೊಂಬೊಸುರೆನ್, ಆಡು ಮುನ್ನೂರ ಹತ್ತು, ಉಳಿದದ್ದು ನಲವತ್ತು.
ಪುರೆವ್‌ಖಂಡ್, ಕುರಿ ನೂರಾ ಎಂಬತ್ತು. ಮುಂದಿನ ಜಾಗ ಖಾಲಿ.
ಹೀಗೇ ಎಂಬತ್ತು ಸಾಲು. ಕೊನೆಗೆ:
ಎಚ್ಚರಿಕೆ ಬರೆದದ್ದು ಹನ್ನೊಂದನೇ ತಾರೀಕು,
ಹೊರಟದ್ದು ಹದಿನೇಳು.
ಕಾರ್ಡಿನ ಡ್ರೈವರ್. ಬೆಳಗಾಗಲಿ ಅಂದುಕೊಂಡೆ.

ಎದ್ದೆ.
ನಕಲಿನಿಂದ, ಹಳೆಯ ಕರ್ನಲ್ಲಿನಲ್ಲಿ ಬೂಟ್ ಮಾಡಿದೆ.
ಮೂರನೇ ಸಲಕ್ಕೆ, ಐದೂಮುಕ್ಕಾಲಿಗೆ,
ಕಾರ್ಡಿನ ಹಸಿರು ದೀಪ ಮಿಟುಕಿತು.
ವಾಯವ್ಯದಿಂದ ಗಾಳಿ, ಸೆಕೆಂಡಿಗೆ ಹದಿನೆಂಟು ಮೀಟರು. ಕಳಿಸಿದೆ.

೧೩೧೮೪೨ಕ್ಕೆ ಹೆಸರಿಡಲು ಕೈ ಹೋಯಿತು, ವಾಪಸಾಯಿತು.
ಚಹಾ ಆರಿ ಮೇಲೆ ಕೆನೆಗಟ್ಟಿತ್ತು. ಕುಡಿದೆ.
ಮೇಜಿನ ಮೇಲೆ ಹಳೆಯ ಡಿಸ್ಕು ಇನ್ನೂ ತಟ್ಟುತ್ತಿತ್ತು.
ಅದರ ಕರೆಂಟು ಕೀಳುವುದನ್ನು ಮರೆತಿದ್ದೆ.